ಟೋಪಿಯ ಬಾಗು ಕತ್ತರಿಯಲ್ಲಿದೆ, ಕೆಟಲ್‌ನಲ್ಲಿ ಅಲ್ಲ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು: ಫ್ಲ್ಯಾಟ್ ಕ್ಯಾಪಿನ ಮುಂದೆ ಚಾಚಿರುವ ಪೀಕನ್ನು ಬಾಗಿಸುವುದು ಹೇಗೆ? ಹಿಂದೆಯೂ ಉತ್ತರ ಕೊಟ್ಟಿದ್ದೇನೆ. ಆದರೂ ಬರುತ್ತಲೇ ಇದೆ. ಜೊತೆಗೆ ಕೆಟಲ್‌ನ ಹಬೆ ಹಿಡಿದು ಪೀಕ್ ಬಾಗಿಸುವ ಯಾರದೋ ವಿಡಿಯೊ ಬೇರೆ ಕಳಿಸಿ, ‘ಸರ್, ಇವರು ಹೀಗೆ ಮಾಡ್ತಾರೆ, ಸರೀನಾ?’ ಅಂತ ಕೇಳುತ್ತಾರೆ. ಸರಿ ಇಲ್ಲ. ಅದಕ್ಕೇ ಈ ಸಲ ಹೆಚ್ಚಿನ ಜಾಗ ಆ ಪ್ರಶ್ನೆಗೆ, ಉಳಿದವಕ್ಕೆ ಚುಟುಕು ಉತ್ತರ. ತಲೆ ಅಳೆಯುವುದು, ಲೈನಿಂಗ್ ಹಾಕುವುದು ಇಲ್ಲಿ ಬರುವುದಿಲ್ಲ. ಹೊಲಿಗೆ ಮೆಷಿನ್ ಮುಂದೆ ಕೂರುವವರಿಗೆ ಅಷ್ಟಾದರೂ ಗೊತ್ತಿರಬೇಕು.

ನನ್ನದು ದುಂಡು ಮುಖ. ಫ್ಲ್ಯಾಟ್ ಕ್ಯಾಪ್ ಒಪ್ಪುತ್ತದಾ, ಎಂಟು ಪೀಸಿನ ನ್ಯೂಸ್‌ಬಾಯ್ ಕ್ಯಾಪಾ?

ಮುಖದ ಆಕಾರದ ಆ ಚಾರ್ಟ್ ಬಿಸಾಕಿ. ನೋಡಬೇಕಾದ್ದು ಭುಜ. ಫ್ಲ್ಯಾಟ್ ಕ್ಯಾಪಿನಲ್ಲಿ ಮೇಲಿನ ಬಟ್ಟೆ ಮುಂದಕ್ಕೆ ಇಳಿದು ಪೀಕಿನ ಮೇಲೆ ಕೂರುತ್ತದೆ. ನ್ಯೂಸ್‌ಬಾಯ್‌ನಲ್ಲಿ ಎಂಟು ಪೀಸು ನೆತ್ತಿಯ ಗುಂಡಿಯ ಹತ್ತಿರ ಸೇರಿ, ಸುತ್ತಲೂ ಉಬ್ಬಿ ನಿಲ್ಲುತ್ತವೆ. ಭುಜ ಸಣ್ಣದಿದ್ದವರು ಅದನ್ನು ಹಾಕಿದರೆ ಅಣಬೆ ಥರ ಕಾಣುತ್ತಾರೆ. ಕನ್ನಡಿಯಲ್ಲಿ ಪಕ್ಕದಿಂದಲೂ ನೋಡಿಕೊಳ್ಳಿ. ಮುಂದಿನಿಂದ ಮಾತ್ರ ನೋಡಿ ಟೋಪಿ ಕೊಳ್ಳುವವರೇ ಜಾಸ್ತಿ.

ಪೀಕಿನ ಅಂಚಿನಲ್ಲಿ ಬ್ಲೇಡ್ ಇಟ್ಟು ಹೊಲಿಯುತ್ತಿದ್ದರಂತೆ. ಅದೇ ಮಾದರಿ ಬೇಕು.

ಬರ್ಮಿಂಗ್‌ಹ್ಯಾಮಿನ ಪೀಕಿ ಬ್ಲೈಂಡರ್ಸ್ ಗ್ಯಾಂಗಿನ ಹೆಸರು 1890ರ ಪತ್ರಿಕೆಗಳಲ್ಲೇ ಇದೆ. ಬಳಸಿ ಬಿಸಾಡುವ ಜಿಲೆಟ್ ಬ್ಲೇಡ್ ಅಮೆರಿಕದಲ್ಲೇ ಮಾರಾಟಕ್ಕೆ ಬಂದದ್ದು 1903ರಲ್ಲಿ. ಬಂದ ಹೊಸತರಲ್ಲಿ ಅದು ದುಬಾರಿ ವಸ್ತು, ಗಲ್ಲಿ ಹುಡುಗರ ಕೈಗೆ ಸಿಗುವಂಥದ್ದಲ್ಲ. ಲೆಕ್ಕ ನೀವೇ ಹಾಕಿ. ಇನ್ನು ನಿಮ್ಮ ಆರ್ಡರ್: ಹೊಲಿದುಕೊಡುವುದಿಲ್ಲ.

ಆನ್‌ಲೈನ್‌ನಲ್ಲಿ ಕೊಂಡ ಟ್ವೀಡ್ (ಒರಟು ಉಣ್ಣೆ ಬಟ್ಟೆ) ಕ್ಯಾಪಿನ ಪೀಕ್ ಹಲಗೆಯಂತೆ ನೆಟ್ಟಗಿದೆ. ಹಳೇ ಫೋಟೊಗಳಲ್ಲಿ ಇರುವ ಹಾಗೆ ಹಣೆಯನ್ನು ಸುತ್ತಿಕೊಂಡು ಬಾಗಬೇಕು. ಬಿಸಿನೀರಲ್ಲಿ ಅದ್ದಿ ಲೋಟಕ್ಕೆ ಸಿಕ್ಕಿಸಿದರೆ ಆಗುತ್ತದಾ? ನಾನೇ ಹೊಸದು ಹೊಲಿದರೆ ಹೇಗೆ ಬಾಗಿಸಲಿ?

ಮೊದಲು ಮಾಡಬಾರದ್ದು ಕೇಳಿ. ಬಿಸಿನೀರು ಬೇಡ. ಉಣ್ಣೆಗೆ ಬಿಸಿ, ನೀರು, ತಿಕ್ಕಾಟ ಮೂರೂ ಒಟ್ಟಿಗೆ ಸಿಕ್ಕರೆ ಎಳೆಗೆ ಎಳೆ ಸಿಕ್ಕಿಕೊಂಡು ಬಟ್ಟೆ ಕುಗ್ಗುತ್ತದೆ. ಕುಗ್ಗಿದ ಉಣ್ಣೆ ಮೊದಲಿನ ಹಾಗೆ ಆಗುವುದಿಲ್ಲ. ಮೈಕ್ರೊವೇವ್ ಬೇಡ. ಪೀಕಿಗೂ ಮೇಲಿನ ಬಟ್ಟೆಗೂ ನಡುವೆ ಟಿಚ್ ಬಟನ್ ಇರುತ್ತದೆ, ಅದು ಲೋಹ. ಇಸ್ತ್ರಿ ಪೆಟ್ಟಿಗೆಯೂ ಬೇಡ. ಉಣ್ಣೆಗೆ ಇಡುವ ಬಿಸಿ ಸುಮಾರು 150 ಡಿಗ್ರಿ. ಪೀಕಿನೊಳಗಿರುವುದು ಪಾಲಿಥಿಲೀನ್ ಹಾಳೆಯಾದರೆ 130ರ ಆಸುಪಾಸಿನಲ್ಲೇ ಕರಗುತ್ತದೆ. ಮೇಲಿನಿಂದ ಬಟ್ಟೆ ಚೆನ್ನಾಗಿಯೇ ಕಾಣುತ್ತದೆ. ಆರಿದ ಮೇಲೆ ಬೆರಳಾಡಿಸಿದರೆ ಒಳಗೆ ಗಂಟು ಗಂಟು. ಇಂಥ ಕ್ಯಾಪ್ ರಿಪೇರಿಗೆ ಬಂದರೆ ಪೂರ್ತಿ ಬಿಚ್ಚದೆ ಬೇರೆ ದಾರಿಯಿಲ್ಲ.

ಪೀಕಿನೊಳಗೆ ಏನಿದೆ ಅಂತ ತಿಳಿಯದೆ ಕೈ ಹಾಕಲೇಬೇಡಿ. ಹಳೆಯ ಕ್ಯಾಪ್‌ಗಳಲ್ಲಿ ರಟ್ಟು ಇರುತ್ತದೆ, ಇಲ್ಲವೇ ಪದರ ಪದರವಾಗಿ ಅಂಟಿಸಿದ ಬಕ್ರಮ್, ಅಂದರೆ ಗಂಜಿ ಹಾಕಿ ಗಟ್ಟಿ ಮಾಡಿದ ಬಟ್ಟೆ. ಈಗಿನವುಗಳಲ್ಲಿ ಹೆಚ್ಚಾಗಿ ಪ್ಲಾಸ್ಟಿಕ್. ಉಗುರಿನಿಂದ ತಟ್ಟಿ ನೋಡಿ. ರಟ್ಟಾದರೆ ಸದ್ದು ಮಂಕು, ಪ್ಲಾಸ್ಟಿಕ್ ಆದರೆ ಟಕ್ಕನೆ ಬರುತ್ತದೆ. ರಟ್ಟು ನೆನೆದರೆ ಪದರ ಬಿಡುತ್ತದೆ, ಒಮ್ಮೆ ಮಡಿಕೆ ಬಿದ್ದರೆ ಆ ಗೆರೆ ಹೋಗುವುದಿಲ್ಲ. ಅಜ್ಜನ ಕಾಲದ ಕ್ಯಾಪ್ ಇದ್ದರೆ ದಯವಿಟ್ಟು ಬಾಗಿಸಲು ಹೋಗಬೇಡಿ, ಇದ್ದ ಹಾಗೇ ಇರಲಿ. ಪ್ಲಾಸ್ಟಿಕ್‌ನ ಕಥೆ ಬೇರೆ. ರಾತ್ರಿಯೆಲ್ಲ ಲೋಟದೊಳಗೆ ಸುತ್ತಿಟ್ಟರೆ ಬೆಳಿಗ್ಗೆ ಬಾಗಿರುತ್ತದೆ. ಸಂಜೆ ಹೊತ್ತಿಗೆ ಮುಕ್ಕಾಲು ಪಾಲು ಮತ್ತೆ ನೆಟ್ಟಗೆ.

ಯಾಕೆ ಹೀಗೆ? ಬಾಗು ಇರುವುದು ಕತ್ತರಿಸಿದ ಆಕಾರದಲ್ಲಿ. ತಲೆಗೆ ಸೇರುವ ಒಳ ಅಂಚಿನ ಕಮಾನು ಹೇಗಿದೆಯೋ ಪೀಕ್ ಹಾಗೆ ನಿಲ್ಲುತ್ತದೆ. ನಂಬಿಕೆ ಬರದಿದ್ದರೆ ಹಳೇ ಫೈಲಿನ ರಟ್ಟು, ಮಕ್ಕಳ ಕೈವಾರ ತೆಗೆದುಕೊಳ್ಳಿ. ನಿಮ್ಮ ತಲೆಸುತ್ತು 58 ಸೆಂ.ಮೀ. ಅನ್ನೋಣ. ಅದನ್ನು ವೃತ್ತ ಎಂದುಕೊಂಡರೆ ತ್ರಿಜ್ಯ ಸುಮಾರು 9.2. ಒಳ ಅಂಚನ್ನು 9.2 ತ್ರಿಜ್ಯದಲ್ಲಿ ಎಳೆದು ಒಂದು ಪೀಕ್ ಕತ್ತರಿಸಿ. 11ರಲ್ಲಿ ಇನ್ನೊಂದು, 13ರಲ್ಲಿ ಮತ್ತೊಂದು. ಮೂರನ್ನೂ ಒಂದಾದ ಮೇಲೊಂದು, ದುಂಡಗೆ ಬಳೆಯಂತೆ ಸೇರಿಸಿದ 58 ಸೆಂ.ಮೀ. ಪಟ್ಟಿಗೆ ಟೇಪ್ ಹಾಕಿ ಅಂಟಿಸಿ ನೋಡಿ. ಮೊದಲನೆಯದು ತಟ್ಟೆಯ ಅಂಚಿನಂತೆ ಮಟ್ಟಸವಾಗಿ ನಿಲ್ಲುತ್ತದೆ. ಎರಡನೆಯದು ಸುಮಾರು 33 ಡಿಗ್ರಿ ಕೆಳಗಿಳಿಯುತ್ತದೆ, ಮೂರನೆಯದು 45. ಕಮಾನು ಚಪ್ಪಟೆಯಾದಷ್ಟೂ ಅದನ್ನು ದುಂಡು ತಲೆಗೆ ಸೇರಿಸುವಾಗ ಪೀಕ್ ತಾನಾಗಿಯೇ ಬಾಗಲೇಬೇಕು. ಅದಕ್ಕೆ ಬೇರೆ ದಾರಿಯೇ ಇಲ್ಲ. ಯಾರೂ ಕೈಯಿಂದ ಬಗ್ಗಿಸಬೇಕಾಗಿಲ್ಲ.

ನಿಜವಾದ ತಲೆ ವೃತ್ತವಲ್ಲ, ಮೊಟ್ಟೆಯಾಕಾರ. ಹಣೆಯ ಕಡೆ ತಿರುವು ಇನ್ನೂ ಬಿಗಿ. ಹಾಗಾಗಿ ತಲೆಗೆ ಹಾಕಿದಾಗ ಈ ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿಯೇ ಇಳಿಯುತ್ತದೆ. 58ರ ತಲೆಗೆ ನಾನು 10.5ರಿಂದ ಶುರು ಮಾಡುತ್ತೇನೆ. 13ರವರೆಗೆ ಹೋದರೆ ಕಣ್ಣು ಮುಚ್ಚುತ್ತದೆ, ಕನ್ನಡಕ ಹಾಕುವವರಿಗಂತೂ ಬೇಡವೇ ಬೇಡ. ಒಳ ಅಂಚಿನ ಉದ್ದ ತಲೆಸುತ್ತಿನ ಮೂರನೇ ಒಂದು ಭಾಗ, ಅಂದರೆ 19 ಸೆಂ.ಮೀ. ಹತ್ತಿರ. ನಡುವೆ ಮುಂದಕ್ಕೆ 5ರಿಂದ 5.5. ಏಳಕ್ಕೆ ಹೋದರೆ ಅದು ಬೇಸ್‌ಬಾಲ್ ಕ್ಯಾಪ್.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ನಾನು ಹೇಳಿದ ಕಮಾನು ಹೊಲಿಗೆಯ ಗೆರೆ, ಕತ್ತರಿಸುವ ಗೆರೆಯಲ್ಲ. ಬಟ್ಟೆಗೆ ಒಳಗಡೆ 1 ಸೆಂ.ಮೀ. ಮಾರ್ಜಿನ್ ಬಿಟ್ಟು, ಬೆರಳಗಲಕ್ಕೊಂದರಂತೆ ಕಚ್ಚು ಹಾಕಿ. ಕಚ್ಚು ಹೊಲಿಗೆಗೆ 2 ಮಿ.ಮೀ. ದೂರದಲ್ಲೇ ನಿಲ್ಲಲಿ. ಪೀಕಿನ ಕೆಳಗಿನ ಬಟ್ಟೆ ಮೇಲಿನದಕ್ಕಿಂತ ಬದಿಯಿಂದ ಬದಿಗೆ 3 ಮಿ.ಮೀ. ಕಡಿಮೆ ಇರಲಿ. ಬಾಗಿದ ವಸ್ತುವಿನ ಹೊರ ಮೈಗೆ ದಾರಿ ಉದ್ದ, ಒಳ ಮೈಗೆ ಕಮ್ಮಿ. ಎರಡನ್ನೂ ಒಂದೇ ಅಳತೆಗೆ ಕತ್ತರಿಸಿದರೆ ಕೆಳಗಡೆ ಸುಕ್ಕು ಬಂದೇ ಬರುತ್ತದೆ. ಅದನ್ನು ಇಸ್ತ್ರಿ ಮಾಡಿ ತೆಗೆಯಲು ಹೋಗಿ ಮತ್ತೆ ಪ್ಲಾಸ್ಟಿಕ್ ಕರಗಿಸುತ್ತೀರಿ.

ಒಳಗಿನ ಹಾಳೆಗೆ 1ರಿಂದ 1.5 ಮಿ.ಮೀ. ದಪ್ಪದ ಪಾಲಿಥಿಲೀನ್ ಸಾಕು. ಐಸ್‌ಕ್ರೀಮ್ ಡಬ್ಬಿಯ ಮುಚ್ಚಳ ಬಳಸುವವರಿದ್ದಾರೆ. ತೆಳು, ಗಾಳಿಗೆ ಅಲುಗುತ್ತದೆ. ಹಳೇ ಬಕೆಟ್ ಕತ್ತರಿಸುವವರೂ ಇದ್ದಾರೆ. ಬಿಸಿಲಿಗೆ ಬಿದ್ದು ಪೆಡಸಾದ ಪ್ಲಾಸ್ಟಿಕ್ ಒಂದು ದಿನ ಸೀಳುತ್ತದೆ, ಆ ಚೂಪು ಬಟ್ಟೆ ಹರಿದು ಹೊರಗೆ ಬರುತ್ತದೆ, ಅದೂ ಕಣ್ಣಿನ ಮೇಲೆಯೇ. ಹಾಳೆಯ ಮೂಲೆ ದುಂಡಗೆ ಮಾಡಿ, ಅಂಚಿಗೆ ಉಪ್ಪುಕಾಗದ ಉಜ್ಜಿ.

ಇನ್ನು ಕೊಂಡ ಕ್ಯಾಪಿನ ವಿಷಯ. ಪೀಕಿನ ಎರಡೂ ಬದಿ ಹಿಡಿದು, ನಡುವೆ ಒತ್ತದೆ, ಆಗಾಗ ನಿಧಾನವಾಗಿ ಬಗ್ಗಿಸಿ. ಸ್ವಲ್ಪ ಬಾಗುತ್ತದೆ, ಫೋಟೊದಲ್ಲಿ ಇರುವಷ್ಟಲ್ಲ. ಅಷ್ಟೇ ಬೇಕೆಂದರೆ ಒಳ್ಳೆಯ ಟೈಲರ್ ಹತ್ತಿರ ಪೀಕ್ ಬಿಚ್ಚಿಸಿ, ಬೇರೆ ಕಮಾನಿನ ಹಾಳೆ ಹಾಕಿಸಿ. ಟ್ವೀಡ್ ಒಂದಷ್ಟು ಹೊಂದಿಕೊಳ್ಳುತ್ತದೆ. ‘ಸ್ಟೀಮ್ ಮೋಲ್ಡಿಂಗ್’ ಅಂತ ದುಡ್ಡು ಕೀಳುವವರು ಮಾಡುವುದೂ ಲೋಟದ ಆಟವನ್ನೇ. ಅಂಗಡಿ ದಾಟುವವರೆಗೆ ಬಾಗಿರುತ್ತದೆ, ಅಷ್ಟೇ.

ಎಂಟು ಪೀಸಿನ ಕ್ಯಾಪ್ ಹೊಲಿದೆ. ಅಳತೆ ಸರಿಯಿತ್ತು, ಆದರೂ ಬಿಗಿ. ಬಟ್ಟೆ ಕುಗ್ಗಿತಾ?

ಬಟ್ಟೆ ಕುಗ್ಗಿಲ್ಲ, ನಿಮ್ಮ ಹೊಲಿಗೆ ಒಳಗೆ ಸರಿದಿದೆ. ಮಾರ್ಜಿನ್ 1 ಮಿ.ಮೀ. ಜಾಸ್ತಿ ಹಿಡಿದರೆ ಒಂದು ಹೊಲಿಗೆಗೆ ಎರಡೂ ಕಡೆ ಸೇರಿ 2 ಮಿ.ಮೀ. ಹೋಯಿತು. ಎಂಟು ಹೊಲಿಗೆಗೆ 16 ಮಿ.ಮೀ. 58ರ ಕ್ಯಾಪ್ 56.4 ಆಯಿತು, ಇನ್ನೇನಾಗಬೇಕು? ಸೀಸದ ಕಡ್ಡಿಯ ಗೆರೆಯ ದಪ್ಪವೇ ಸಾಕು ಅಳತೆ ಕೆಡಿಸಲು. ಚಾಕ್ ಚೂಪಾಗಿ ಕೆತ್ತಿಕೊಳ್ಳಿ, ನಾಲ್ಕು ನಾಲ್ಕು ಪೀಸು ಸೇರಿಸಿದ ಮೇಲೆ ಅರ್ಧ ಸುತ್ತು ಅಳೆಯಿರಿ. ಈಗ ಹೊಲಿದಿರುವುದನ್ನು ಒದ್ದೆ ಮಾಡಿ ಪಾತ್ರೆಗೆ ಹಾಕಿ ಹಿಗ್ಗಿಸಬೇಡಿ. ಬಿಚ್ಚಿ.

ಟೋಪಿ ಹಾಕಿದರೆ ಕೂದಲು ಉದುರುತ್ತದಾ?

ಇಲ್ಲ. ಉದುರುತ್ತಿದ್ದರೆ ಚರ್ಮದ ಡಾಕ್ಟರ್ ಹತ್ತಿರ ಹೋಗಿ, ನನ್ನ ಹತ್ತಿರ ಅಲ್ಲ.

ಮೆಷಿನ್‌ಗೆ ಹಾಕಿ ಒಗೆಯಬಹುದಾ?

ಬೇಡ.

600 ರೂಪಾಯಿಗೆ ‘ಒರಿಜಿನಲ್ ಹ್ಯಾರಿಸ್ ಟ್ವೀಡ್’ ಕ್ಯಾಪ್ ಸಿಗುತ್ತಿದೆ, ತಗೊಳ್ಳಲಾ?

ಸ್ಕಾಟ್ಲೆಂಡಿನ ಔಟರ್ ಹೆಬ್ರಿಡೀಸ್ ದ್ವೀಪಗಳ ಜನ ತಮ್ಮ ಮನೆಯಲ್ಲಿ ಕೈಯಿಂದ ನೇಯ್ದ, ಅಲ್ಲೇ ಬಣ್ಣ ಹಾಕಿ ಅಲ್ಲೇ ನೂಲು ತೆಗೆದ ಉಣ್ಣೆ ಬಟ್ಟೆಗೆ ಮಾತ್ರ ಆ ಹೆಸರು. 1993ರಿಂದ ಬ್ರಿಟನ್ನಿನಲ್ಲಿ ಅದಕ್ಕೆ ಕಾಯ್ದೆಯೇ ಇದೆ. ಒಳಗೆ ಗೋಳದ ಗುರುತಿನ ಲೇಬಲ್ ಇದೆಯಾ ನೋಡಿ. ಇದ್ದರೂ ಈ ಬೆಲೆಗೆ ನಾನಂತೂ ನಂಬುವುದಿಲ್ಲ.

ಫ್ಲ್ಯಾಟ್ ಕ್ಯಾಪ್ ಬಡವರ ಟೋಪಿ ಅಂತಾರಲ್ಲ, ನಿಜವಾ?

ಬಹಳ ಕಾಲ ಹಾಗೇ ಇತ್ತು. 1571ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಕಾಯ್ದೆ ಮಾಡಿದರು: ಆರು ವರ್ಷ ದಾಟಿದ ಗಂಡಸರೆಲ್ಲ ಭಾನುವಾರ ಮತ್ತು ಹಬ್ಬದ ದಿನ ಇಂಗ್ಲೆಂಡಿನಲ್ಲೇ ಮಾಡಿದ ಉಣ್ಣೆ ಟೋಪಿ ಹಾಕಬೇಕು, ಇಲ್ಲದಿದ್ದರೆ ದಂಡ. ದೊಡ್ಡ ಮನೆತನದವರಿಗೆ ವಿನಾಯಿತಿ. ಉದ್ದೇಶ ಉಣ್ಣೆ ವ್ಯಾಪಾರ ಉಳಿಸುವುದು. 1597ರಲ್ಲಿ ಅದನ್ನು ತೆಗೆದುಹಾಕಿದರು. ಆ ಟೋಪಿ ಇವತ್ತಿನದರಂತೆ ಇರಲಿಲ್ಲ. ನಾವು ನೋಡುವ ಆಕಾರ 19ನೇ ಶತಮಾನದ್ದು, ಅದನ್ನು ಗಣಿ ಕಾರ್ಮಿಕರೂ ಹಾಕಿದರು, ಬೇಟೆಗೆ ಹೋಗುವ ಜಮೀನ್ದಾರರೂ ಹಾಕಿದರು.

ಚಿತ್ರದುರ್ಗದ ಕಡೆಯ ಕುರಿ ಕಂಬಳಿಯಿಂದ ಕ್ಯಾಪ್ ಹೊಲಿಯಬಹುದಾ?

ಹೊಲಿಯಬಹುದು. ಈ ಸಲ ಬಂದ ಪ್ರಶ್ನೆಗಳಲ್ಲಿ ನನಗೆ ಖುಷಿ ಕೊಟ್ಟದ್ದು ಇದೊಂದೇ. ಕೈಮಗ್ಗದ ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕಿರುತ್ತಾರೆ. ಮೊದಲು ತಣ್ಣೀರಲ್ಲಿ ನೆನೆಸಿ ಗಂಜಿ ಬಿಡಿಸಿ, ನೆರಳಲ್ಲಿ ಒಣಗಿಸಿ. ಕುಗ್ಗುವುದಿದ್ದರೆ ಕತ್ತರಿಸುವ ಮೊದಲೇ ಕುಗ್ಗಲಿ. ಎಳೆ ಒರಟು, ಹಣೆಗೆ ಚುಚ್ಚುತ್ತದೆ. ಒಳಗೆ ಹತ್ತಿ ಲೈನಿಂಗ್, ಹಣೆಪಟ್ಟಿಗೆ ಮೆತ್ತಗಿನ ಬಟ್ಟೆ ಇರಲೇಬೇಕು. ಪೀಕಿಗೆ ಮೇಲ್ಗಡೆ ಮಾತ್ರ ಕಂಬಳಿ, ಕೆಳಗೆ ತೆಳು ಬಟ್ಟೆ ಹಾಕಿ. ಎಂಟು ಪೀಸಿನ ಮಾದರಿ ಮಾತ್ರ ಬೇಡ. ನೆತ್ತಿಯಲ್ಲಿ ಎಂಟೂ ಪೀಸಿನ ಮಾರ್ಜಿನ್ ಒಂದೇ ಕಡೆ ಬಂದು ಬೀಳುತ್ತದೆ, ಆ ದಪ್ಪಕ್ಕೆ ಮನೆಯ ಮೆಷಿನ್ನಿನ ಸೂಜಿ ಮುರಿಯುತ್ತದೆ. ಮೇಲೊಂದು, ಪಕ್ಕಕ್ಕೆರಡು, ಹೀಗೆ ಮೂರು ಪೀಸಿನ ಫ್ಲ್ಯಾಟ್ ಕ್ಯಾಪ್ ಕತ್ತರಿಸಿ. 18ನೇ ನಂಬರ್ ಸೂಜಿ ಹಾಕಿ, ಹೊಲಿಗೆ ಉದ್ದ ಜಾಸ್ತಿ ಇಡಿ. ಆದ ಮೇಲೆ ಫೋಟೊ ಕಳಿಸಿ, ಪಕ್ಕದಿಂದ ತೆಗೆದದ್ದು.