ಒಂಬತ್ತು ಪುಟದಲ್ಲಿ ಒಂದು ಪುಟ ಖರೇ

ಔರಾದ್‌ನಿಂದ ಲೇಖನ ಕಳಿಸಿದ ತಂಗಿಗೆ,

ನಿಮ್ಮ ‘ನಿಯಂತ್ರಣದ ಕಪಿಮುಷ್ಟಿಯಲ್ಲಿ ಆನ್‌ಲೈನ್ ಉನ್ನತ ಶಿಕ್ಷಣ’ ಎರಡು ಸಲ ಓದಿದೆ. ಒಂದು ಸಲ ಇಲ್ಲೇ ಕಲಬುರಗಿಯ ಆಫೀಸಿನಲ್ಲಿ, ಇನ್ನೊಂದು ಸಲ ಮನೆಯಲ್ಲಿ ಕರೆಂಟ್ ಹೋದಾಗ ಮೊಬೈಲ್ ಬೆಳಕಿನಲ್ಲಿ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಕೈ ತೊಳೆದುಕೊಳ್ಳಲೂ ಮನಸ್ಸಾಗಲಿಲ್ಲ.

ಒಂಬತ್ತು ಪುಟದ ಉದ್ದಕ್ಕೂ ಒಂದೇ ಮಾತು ಹೇಳುತ್ತೀರಿ. ರಾಜ್ಯದ ಗಡಿ, ಯುಜಿಸಿ (ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಕೇಂದ್ರದ ಆಯೋಗ) ನಿಯಮ, ಅನುಮತಿ, ಎಲ್ಲ ಸೇರಿ ಹೊಸ ಪ್ರಯೋಗಗಳ ಕತ್ತು ಹಿಸುಕುತ್ತಿವೆ ಅಂತ. ಯಾವ ನಿಯಮ? ಯಾವ ವರ್ಷದ್ದು? ಯಾರ ಕತ್ತು? ಹೇಳುವುದೇ ಇಲ್ಲ. ‘ನಾವೀನ್ಯತೆ’ ಮಾತ್ರ ಹದಿನೇಳು ಕಡೆ ಬಂದಿದೆ, ಪೆನ್ಸಿಲ್ ಹಿಡಿದು ಎಣಿಸಿದೆ. (ನಾವೀನ್ಯ ಅಂದರೆ ಸಾಕು ತಂಗಿ. ಅದರ ಮೇಲೆ ‘ತೆ’ ಹಚ್ಚುವುದು ಟೋಪಿ ಮೇಲೆ ರುಮಾಲು ಸುತ್ತಿದ ಹಾಗೆ. ಹೊಸತನ ಅಂದರೆ ಇನ್ನೂ ಚೆಂದ.)

ನಾಲ್ಕನೇ ಪುಟದಲ್ಲಿ ನಿಮ್ಮ ಕಾಕಾನ ಮಗ ಬರುತ್ತಾನೆ. ಬೀದರ್‌ನಲ್ಲಿ ಝೆರಾಕ್ಸ್ ಅಂಗಡಿ ಮೇಲಿನ ಸ್ಟಡಿ ಸೆಂಟರ್‌ಗೆ ಫೀ ಕಟ್ಟಿ, ಬೇರೆ ರಾಜ್ಯದ ಯಾವುದೋ ವಿಶ್ವವಿದ್ಯಾಲಯದ ದೂರಶಿಕ್ಷಣದ ಡಿಗ್ರಿ ತೆಗೆದುಕೊಂಡಿದ್ದಾನೆ. ನೌಕರಿಯ ದಾಖಲೆ ಪರಿಶೀಲನೆಯ ದಿನ ಅಧಿಕಾರಿ ಅಂಕಪಟ್ಟಿ ತಿರುವಿ ಹಿಂದೆ ನೋಡಿದರು, ಮುಂದೆ ನೋಡಿದರು. ‘ಇದು ನಡೆಯೋದಿಲ್ಲಪ್ಪ’ ಅಂದು ಪ್ಲಾಸ್ಟಿಕ್ ಕವರಿನೊಳಗೆ ತಾವೇ ಹಾಕಿ ಕೊಟ್ಟರು. ಬೀದರ್‌ಗೆ ಬಂದು ಮೆಟ್ಟಿಲು ಹತ್ತಿದರೆ ಸೆಂಟರ್ ಇದ್ದಲ್ಲಿ ಟೇಲರಿಂಗ್ ಕ್ಲಾಸ್ ನಡೆದಿತ್ತು, ನೀಲಿ ಕುರ್ಚಿ ಮಾತ್ರ ಅವೇ. ಎಂಟು ಸಾಲು. ಇಷ್ಟು ಚೆನ್ನಾಗಿ ಬರೆಯಬಲ್ಲವರು ಉಳಿದ ಎಂಟು ಪುಟ ಸುಮ್ನೆ ಯಾಕೆ ಭಾಷಣ ಮಾಡಿದಿರಿ?

ತಮಾಷೆ ನೋಡಿ, ಈ ಎಂಟು ಸಾಲು ನಿಮ್ಮ ವಾದಕ್ಕೇ ಎದುರು ನಿಂತಿವೆ. ನಿಯಮ ಜಾಸ್ತಿಯಾಗಿ ಆ ಹುಡುಗ ಮುಳುಗಿದನಾ? ನಿಯಮ ಇತ್ತು, ಮೆಟ್ಟಿಲು ಹತ್ತಿ ಬಂದು ನೋಡುವವರು ಇರಲಿಲ್ಲ. ನೀವು ಬಯ್ಯುವ ಗಡಿ ಗೆರೆ ಹುಟ್ಟಿದ್ದೇ ಇಂಥ ಹುಡುಗರು ಮೋಸ ಹೋಗಬಾರದು ಅಂತ. ಛತ್ತೀಸಗಢದಲ್ಲಿ 2002ರ ಒಂದು ಕಾಯ್ದೆಯ ಅಡಿ ನೂರಕ್ಕೂ ಹೆಚ್ಚು ಖಾಸಗಿ ವಿಶ್ವವಿದ್ಯಾಲಯ ತಲೆ ಎತ್ತಿದವು. ಬಹಳಷ್ಟಕ್ಕೆ ಸರಿಯಾದ ಕಟ್ಟಡವೂ ಇರಲಿಲ್ಲ. ವಿಜ್ಞಾನಿ, ಯುಜಿಸಿಯ ಮಾಜಿ ಅಧ್ಯಕ್ಷ ಪ್ರೊ. ಯಶ್‌ಪಾಲ್ ಸುಪ್ರೀಂ ಕೋರ್ಟಿಗೆ ಹೋದರು. ರಾಜ್ಯದ ಕಾನೂನಿನಿಂದ ಹುಟ್ಟಿದ ವಿಶ್ವವಿದ್ಯಾಲಯ ಆ ರಾಜ್ಯದ ಆಚೆ ಅಂಗಡಿ ತೆರೆಯುವಂತಿಲ್ಲ ಎಂದು 2005ರಲ್ಲಿ ಕೋರ್ಟ್ ಹೇಳಿತು. ಮೈಸೂರಿನ ನಮ್ಮ ಮುಕ್ತ ವಿಶ್ವವಿದ್ಯಾಲಯಕ್ಕೂ ಈ ಗೆರೆ ದಾಟಿದ ಬಿಸಿ ತಟ್ಟಿತು. 2013-14ರಿಂದ ಮಾನ್ಯತೆ ಇಲ್ಲ ಎಂದು ಯುಜಿಸಿ 2015ರಲ್ಲಿ ಹೇಳಿತು, ಮತ್ತೆ ಮಾನ್ಯತೆ ಸಿಕ್ಕಿದ್ದು 2018ರಲ್ಲಿ. ಇಷ್ಟೆಲ್ಲ ನಡೆದದ್ದು ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಆನ್‌ಲೈನ್ ಕೋರ್ಸಿಗೂ ರಾಜ್ಯದ ಗಡಿ ಅಡ್ಡ ಅಂತ ಬರೆದಿದ್ದೀರಿ. ಅಡ್ಡ ಇಲ್ಲ. 2020ರ ಯುಜಿಸಿ ನಿಯಮಾವಳಿ ತೆಗೆದು ಓದಿ. ದೂರಶಿಕ್ಷಣಕ್ಕೆ ಗಡಿ ಇದೆ, ಆನ್‌ಲೈನ್‌ಗೆ ಇಲ್ಲ. ಗೆರೆ ಅಳಿಸಿದರು, ಆದರೆ ಬಾಗಿಲು ಕಿರಿದು ಮಾಡಿದರು. ಆನ್‌ಲೈನ್ ಡಿಗ್ರಿ ಕೊಡಬೇಕಾದರೆ ವಿಶ್ವವಿದ್ಯಾಲಯಕ್ಕೆ ಗುಣಮಟ್ಟ ತೂಗುವ ಸಂಸ್ಥೆ ನ್ಯಾಕ್‌ನಲ್ಲಿ 4ಕ್ಕೆ ಕನಿಷ್ಠ 3.01 ಅಂಕ ಇರಬೇಕು, ಇಲ್ಲವೇ ಕೇಂದ್ರ ಸರ್ಕಾರದ ರ‍್ಯಾಂಕಿಂಗ್ ಆದ ಎನ್‌ಐಆರ್‌ಎಫ್ ಪಟ್ಟಿಯ ಮೊದಲ ನೂರರಲ್ಲಿ ಹೆಸರು ಇರಬೇಕು.

ನಿಮ್ಮ ಲೇಖನ ಇರುವುದು ಇಲ್ಲಿ. ಸೂಪರ್ ಮಾರ್ಕೆಟ್ ಕಡೆ ಚಹಾಕ್ಕೆ ಹೋದಾಗಲೆಲ್ಲ ದೂರದ ಊರಿನ ವಿಶ್ವವಿದ್ಯಾಲಯಗಳ ಆನ್‌ಲೈನ್ ಎಂಬಿಎ ಜಾಹೀರಾತು ಕಣ್ಣಿಗೆ ಬೀಳುತ್ತವೆ. ಅವರಿಗೆ ಅಂಕ ಇದೆ, ದುಡ್ಡು ಇದೆ, ಈಗ ಗಡಿಯೂ ಇಲ್ಲ. ಕನ್ನಡದಲ್ಲಿ ಪಾಠ ಮಾಡಬಲ್ಲ, ಔರಾದ್ ಹುಡುಗಿಯ ಕಷ್ಟ ಗೊತ್ತಿರುವ ಸಣ್ಣ ವಿಶ್ವವಿದ್ಯಾಲಯ ಅಂಕ ಸಾಲದೆ ಹೊರಗೆ ನಿಲ್ಲುತ್ತದೆ. ಅಂಕವೇ ಬೇಡ ಅಂದರೆ ಝೆರಾಕ್ಸ್ ಅಂಗಡಿ ಮೇಲೆ ನೀಲಿ ಕುರ್ಚಿ ಮತ್ತೆ ಬರುತ್ತವೆ, ಅದು ನಿಮಗೂ ಗೊತ್ತು. ಆದರೆ ನ್ಯಾಕ್ ತೂಗುವುದು ಸಂಶೋಧನೆ, ಕಟ್ಟಡ, ಆಡಳಿತ ಎಲ್ಲ ಸೇರಿಸಿ. ಮೊಬೈಲ್‌ನಲ್ಲಿ ಕನ್ನಡದಲ್ಲಿ ಬಿಕಾಂ ಹೇಳಿಕೊಡಲು ಬರುತ್ತದಾ ಅನ್ನುವುದಕ್ಕೆ ಅದೇ ತಕ್ಕಡಿ ಸಾಕಾ? ಈ ಪ್ರಶ್ನೆ ಹಿಡಿದು ಬರೆಯಿರಿ. ನಮ್ಮ ಭಾಗದ ಇಬ್ಬರು ಮೇಷ್ಟ್ರನ್ನು ಕೇಳಿ.

ಅಮೆರಿಕದ ಪ್ಯಾರಾ ತೆಗೆಯಿರಿ. ಅಲ್ಲಿ ಗಡಿ ತೊಂದರೆಯೇ ಇಲ್ಲ ಅಂತ ಬರೆದಿದ್ದೀರಿ. ಒಂದೊಂದು ರಾಜ್ಯದ ಅನುಮತಿ ಬೇರೆ ಬೇರೆಯಾಗಿ ಸುಸ್ತಾದ ಮೇಲೇ ಅವರು ‘ಸಾರಾ’ ಅಂತ ಒಂದು ಒಪ್ಪಂದ ಮಾಡಿಕೊಂಡದ್ದು. ಕ್ಯಾಲಿಫೋರ್ನಿಯಾ ಅದಕ್ಕೂ ಸೇರದೆ ವರ್ಷಗಟ್ಟಲೆ ಹೊರಗೇ ಇತ್ತು. ನರ್ಸಿಂಗ್ ಕೂಡ ಆನ್‌ಲೈನ್‌ನಲ್ಲಿ ಯಾಕೆ ಕಲಿಸಬಾರದು ಅಂತ ಕೇಳುವ ಪ್ಯಾರಾ ಕೂಡ ತೆಗೆಯಿರಿ. ಬರೀ ವಿಡಿಯೋ ನೋಡಿ ಸೂಜಿ ಹಾಕಲು ಕಲಿತವರಿಗೆ ನಿಮ್ಮ ತೋಳು ಕೊಡುತ್ತೀರಾ?

ಮೊದಲ ಸಾಲು ‘ಇಂದಿನ ಜಾಗತೀಕರಣದ ಯುಗದಲ್ಲಿ’ ಬೇಡ. ವಾರಕ್ಕೆ ನಾಲ್ಕು ಲೇಖನ ಆ ಯುಗದಿಂದಲೇ ಬರುತ್ತವೆ. ನೀವು ಇರುವುದು ಗಡಿಯ ಊರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ದವಾಖಾನೆಗೆ ಹೈದರಾಬಾದ್. ಜನ ದಿನಾ ದಾಟುವ ಗೆರೆಯನ್ನು ಒಂದು ಅಂಕಪಟ್ಟಿ ದಾಟಲಿಲ್ಲ. ಅಲ್ಲಿಂದ ಶುರು ಮಾಡಿ, ನಾಲ್ಕು ಪುಟದಲ್ಲಿ ಮುಗಿಸಿ.

ಒಂದು ಮಾತು ಕೇಳುವುದಿತ್ತು. ಪರಿಶೀಲನೆಯ ದಿನ ಕಾಕಾ ಕೂಡ ಹೋಗಿದ್ದರು, ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದರು ಅಂತ ಬರೆದಿದ್ದೀರಿ. ಮಗ ಕವರ್ ಹಿಡಿದು ಹೊರಗೆ ಬಂದಾಗ ಅವರು ಏನಂದರು? ಕೇಳಿ ಬರೆಯಿರಿ.

— ಸಂಪಾದಕ