ಪಿಎಫ್ ಬಿಡಿಸಿದರೆ ಪಿಂಚಣಿಯೂ ಹೋಗುತ್ತಾ?

ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯ ಕೇಳಿವೆ. ಬರೋ ಸಂಬಳ ಕಡಿಮೆ, ವಯಸ್ಸಾದ ಮೇಲೆ ಗತಿ ಏನು? ಕೋಲಾರದಲ್ಲಿ ಅಂಚೆ ಕಚೇರಿಯ ಕೌಂಟರ್‌ನಲ್ಲಿ ವರ್ಷಗಟ್ಟಲೆ ಕೂತವಳು ನಾನು. ನಮ್ಮಮ್ಮ ಟೊಮೆಟೊ ತೋಟಗಳಲ್ಲಿ ಕೂಲಿ ಮಾಡಿಯೇ ನಮ್ಮನ್ನೆಲ್ಲ ಓದಿಸಿದ್ದು. ಕೊನೆಗೆ ಬಿಪಿ ಮಾತ್ರೆ ಮುಗಿದರೂ ನಮಗೆ ಹೇಳದೆ ನಾಲ್ಕು ದಿನ ಸುಮ್ಮನಿದ್ದುಬಿಡುತ್ತಿದ್ದರು, ಮಕ್ಕಳ ಹತ್ತಿರ ದುಡ್ಡು ಕೇಳೋಕೆ ಸಂಕೋಚ ಅಂತ. ಅದು ನನ್ನ ಮನಸ್ಸಿನಿಂದ ಹೋಗಿಲ್ಲ. ಹಾಗಾಗಿ ಈ ತಿಂಗಳು ಇದೊಂದೇ ವಿಷಯ.

ಅಕ್ಕ, ನನಗೆ 30 ವರ್ಷ. ಗೌರಿಬಿದನೂರಿನಲ್ಲಿ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಸಂಬಳ 12,000, ಹಿಡಿದು ಕೈಗೆ ಬರೋದು ಹತ್ತೂವರೆ ಸಾವಿರ. ಮೊದಲು ಒಂದು ಕಡೆ 4 ವರ್ಷ, ಇನ್ನೊಂದು ಕಡೆ 3 ವರ್ಷ ಇದ್ದೆ. ಎರಡು ಸಲವೂ ಪಿಎಫ್ ಪೂರ್ತಿ ಬಿಡಿಸಿಕೊಂಡೆ, ಒಂದು ಸಲ ಹೆರಿಗೆಗೆ, ಒಂದು ಸಲ ಮನೆಗೆ ಶೀಟ್ ಹಾಕಿಸೋಕೆ. ಈಗಿನ ಕಂಪನಿಯಲ್ಲಿ 3 ವರ್ಷ ಆಯಿತು. ಜೊತೆಯವರು ಬೇರೆ ಕಡೆ ಹೋಗೋಣ, ಪಿಎಫ್ ದುಡ್ಡೂ ಸಿಗುತ್ತೆ ಅಂತಿದ್ದಾರೆ. ನಮ್ಮಂಥವರಿಗೂ ಪಿಂಚಣಿ ಅಂತ ಬರುತ್ತಾ?

ಬರುತ್ತದೆ ತಂಗಿ. ಆದರೆ ನೀವು ಬಿಡಿಸಿಕೊಂಡ ದುಡ್ಡಿನ ಜೊತೆ ಇನ್ನೊಂದೂ ಹೋಗಿದೆ. ಅದನ್ನು ನಿಮಗೆ ಯಾರೂ ಹೇಳಿಲ್ಲ ಅಂತ ಕಾಣುತ್ತೆ.

ನಿಮ್ಮ ಸಂಬಳದಲ್ಲಿ ನೂರಕ್ಕೆ 12ರಂತೆ 1,440 ರೂಪಾಯಿ ಹಿಡಿಯುತ್ತಾರೆ. ಕಂಪನಿಯೂ ಅಷ್ಟೇ ಹಾಕಬೇಕು. ಆದರೆ ಕಂಪನಿಯ ಪಾಲು ಎರಡು ಭಾಗ ಆಗುತ್ತೆ. ಸುಮಾರು 1,000 ರೂಪಾಯಿ ಪಿಂಚಣಿ ಖಾತೆಗೆ, ಉಳಿದ 440 ನಿಮ್ಮ ಪಿಎಫ್‌ಗೆ. ಪಿಂಚಣಿ ಸಿಗಬೇಕಾದರೆ ಒಟ್ಟು ಸೇವೆ 10 ವರ್ಷ ಆಗಿರಬೇಕು. ಒಂದೇ ಕಂಪನಿಯಲ್ಲಿ ಅಂತಲ್ಲ, ಎಲ್ಲಾ ಕಂಪನಿ ಸೇರಿ. ಪಿಎಫ್ ಬಿಡಿಸುವಾಗ ಪಿಂಚಣಿ ಭಾಗವನ್ನೂ ಸೇರಿಸಿ ತೆಗೆದುಕೊಂಡರೆ ಆ ವರ್ಷಗಳು ಲೆಕ್ಕದಿಂದ ಅಳಿಸಿಹೋಗುತ್ತವೆ. ನಿಮ್ಮದು 4, 3, ಈಗ 3. ಬಿಡಿಸದೆ ಇದ್ದಿದ್ದರೆ ಇವತ್ತಿಗೆ ಸರಿಯಾಗಿ 10 ತುಂಬುತ್ತಿತ್ತು. ಈಗ ಲೆಕ್ಕಕ್ಕಿರೋದು ಮೂರೇ.

ಬೈಯೋಕೆ ಹೇಳಿದ್ದಲ್ಲ ಇದು. ಹೆರಿಗೆ ಸಮಯದಲ್ಲಿ, ಮಳೆಗೆ ಮನೆ ಸೋರುವಾಗ, ಬಡ್ಡಿಗೆ ಸಾಲ ಮಾಡೋದಕ್ಕಿಂತ ನಿಮ್ಮದೇ ದುಡ್ಡು ತೆಗೆದಿರಿ, ಅದರಲ್ಲಿ ತಪ್ಪು ಹುಡುಕೋ ಹಕ್ಕು ಯಾರಿಗೂ ಇಲ್ಲ. 2016ರಲ್ಲಿ ಸರ್ಕಾರ ಪಿಎಫ್‌ನಲ್ಲಿ ಕಂಪನಿಯ ಪಾಲನ್ನು 58 ವರ್ಷದವರೆಗೆ ಮುಟ್ಟೋ ಹಾಗಿಲ್ಲ ಅಂತ ನಿಯಮ ತಂದಾಗ, ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳೇ ಅಲ್ವಾ ಸಾವಿರಾರು ಜನ ರಸ್ತೆಗೆ ಇಳಿದಿದ್ದು? ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ಕಷ್ಟಕ್ಕೆ ತೆಗೆಯೋ ಹಕ್ಕು ಇರಬೇಕು. ನನಗೆ ಹೊಟ್ಟೆ ಉರಿಯೋದು ಬೇರೆ ವಿಷಯಕ್ಕೆ. ಕಂಪನಿ ಬಿಟ್ಟ ಕೂಡಲೇ ಪಿಎಫ್ ಬಿಡಿಸೋದು ಒಂದು ರೂಢಿ ಆಗಿಬಿಟ್ಟಿದೆ, ಸೈಬರ್ ಅಂಗಡಿಯವರೂ ಕೇಳದಿದ್ದರೂ ಪಿಂಚಣಿ ಬಿಡಿಸೋ ಫಾರಂ ಒಂದನ್ನು ಜಾಸ್ತಿಯೇ ತುಂಬಿ ಕಳಿಸುತ್ತಾರೆ.

ಕೆಲಸ ಬದಲಾಯಿಸಿ, ಬೇಡ ಅನ್ನಲ್ಲ. ಹೊಸ ಕಂಪನಿಗೆ ಇದೇ ಯುಎಎನ್ ನಂಬರ್ (ಕಂಪನಿ ಬದಲಾದರೂ ಬದಲಾಗದ ನಿಮ್ಮ ಪಿಎಫ್ ನಂಬರ್) ಕೊಡಿ, ಹಳೇ ಖಾತೆಯನ್ನು ಅದಕ್ಕೆ ವರ್ಗಾವಣೆ ಮಾಡಿಸಿ. ಕಾಯಿಲೆ, ಮನೆ, ಮದುವೆ ಅಂತ ದುಡ್ಡು ಬೇಕೇ ಬೇಕು ಅಂದರೆ ಖಾತೆ ಮುಚ್ಚಬೇಡಿ, ಪಿಎಫ್ ಭಾಗದಿಂದ ಅಡ್ವಾನ್ಸ್ ಕೇಳಿ. ಅಡ್ವಾನ್ಸ್ ತೆಗೆದರೆ ಸೇವೆಯ ವರ್ಷ ಕಳೆಯಲ್ಲ.

ಈಗ ಲೆಕ್ಕ ನೋಡಿ. 58 ವರ್ಷದವರೆಗೆ ಹೀಗೇ ದುಡಿದರೆ ಒಟ್ಟು 31 ವರ್ಷ ಸೇವೆ. ಪಿಂಚಣಿ ಲೆಕ್ಕ ಹಾಕೋದು ಹೀಗೆ: ಕೊನೆಯ 60 ತಿಂಗಳ ಸರಾಸರಿ ಸಂಬಳವನ್ನು ಸೇವೆಯ ವರ್ಷಕ್ಕೆ ಗುಣಿಸಿ 70ರಿಂದ ಭಾಗಿಸಬೇಕು. ಸಂಬಳ ಒಂದು ಪೈಸೆ ಏರದೆ 12,000ದಲ್ಲೇ ನಿಂತರೂ ತಿಂಗಳಿಗೆ ಕಡಿಮೆ ಅಂದರೂ 5,300. ಅದರ ಜೊತೆ ಪಿಎಫ್ ಗಂಟು ಬೇರೆ. ತಿಂಗಳಿಗೆ 1,880 ರೂಪಾಯಿ, 28 ವರ್ಷ, ಬಡ್ಡಿ ನೂರಕ್ಕೆ 8 ಅಂತ ಹಿಡಿದರೂ 20 ಲಕ್ಷ ದಾಟುತ್ತದೆ. (2024-25ರಲ್ಲಿ ಕೊಟ್ಟ ಬಡ್ಡಿ 8.25.) ಹೌದು, ಸರಿಯಾಗೇ ಓದಿದಿರಿ, 20 ಲಕ್ಷ. ಹತ್ತೂವರೆ ಸಾವಿರ ಮನೆಗೆ ತರೋ ಹೆಂಗಸಿನ ಖಾತೆಯಲ್ಲಿ.

ಇದರ ಮೇಲೆ ಅಟಲ್ ಪಿಂಚಣಿ ಯೋಜನೆ ಸೇರಿಸಿಕೊಳ್ಳಬಹುದು. 2015ರಲ್ಲಿ ಶುರುವಾಗಿದ್ದು, 18ರಿಂದ 40 ವರ್ಷದವರಿಗೆ, ಪಿಎಫ್ ಇದ್ದವರೂ ಸೇರಬಹುದು, ಆದಾಯ ತೆರಿಗೆ ಕಟ್ಟುವವರು ಮಾತ್ರ ಆಗಲ್ಲ. ನಿಮ್ಮ ವಯಸ್ಸಿಗೆ ತಿಂಗಳಿಗೆ 347 ಕಟ್ಟಿದರೆ 60ರಿಂದ 3,000 ಪಿಂಚಣಿ, 577 ಕಟ್ಟಿದರೆ 5,000. ನಿಮ್ಮ ನಂತರ ಗಂಡನಿಗೆ ಅಷ್ಟೇ ಪಿಂಚಣಿ, ಇಬ್ಬರ ನಂತರ ನಾಮಿನಿಗೆ ಗಂಟು. 5,000ದ ಪಿಂಚಣಿಗೆ ಆ ಗಂಟು 8.5 ಲಕ್ಷ. ನಿಮ್ಮ ಬ್ಯಾಂಕ್ ಖಾತೆಯಿಂದ ತಾನಾಗೇ ಕಟ್ ಆಗುತ್ತೆ. ನೀವು ಕಾಗದದಲ್ಲಿ ಬರೆದಿದ್ದೀರಿ, ಮೊದಲು ದಿನಾ 30 ರೂಪಾಯಿ ಬಸ್ ಚಾರ್ಜ್ ಆಗುತ್ತಿತ್ತು, ಶಕ್ತಿ ಯೋಜನೆ ಬಂದ ಮೇಲೆ ಅದು ಉಳಿಯಿತು, ಆದರೆ ಎಲ್ಲಿ ಹೋಯಿತೋ ಗೊತ್ತಿಲ್ಲ ಅಂತ. 26 ದಿನಕ್ಕೆ 780 ರೂಪಾಯಿ ಅದು. ಅದರಲ್ಲೇ 347 ಹೋಗಲಿ.

ಒಂದು ಮಾತು ಮುಚ್ಚಿಡಬಾರದು. ಬೆಲೆ ವರ್ಷಕ್ಕೆ ನೂರಕ್ಕೆ 6 ಏರುತ್ತಾ ಹೋದರೆ, ಇವತ್ತು 100 ರೂಪಾಯಿಗೆ ಬರೋ ಸಾಮಾನಿಗೆ 30 ವರ್ಷದ ಮೇಲೆ 570 ಬೇಕು. ಆಗಿನ 3,000ಕ್ಕೆ ಇವತ್ತಿನ 500 ಚಿಲ್ಲರೆಯಷ್ಟೇ ಬೆಲೆ. ಅದಕ್ಕೇ ನಾನು ಅಟಲ್ ಪಿಂಚಣಿಗಿಂತ ಪಿಎಫ್ ಬಗ್ಗೆ ಇಷ್ಟು ಉದ್ದ ಬರೆದಿದ್ದು. ಸಂಬಳ ಏರಿದ ಹಾಗೆ ಪಿಎಫ್ ತಾನೂ ಏರುತ್ತೆ, ಅಟಲ್ ಪಿಂಚಣಿ ಬರೆಸಿದಷ್ಟೇ ನಿಲ್ಲುತ್ತೆ.

ಇನ್ನು ನಾಮಿನಿ ಹೆಸರು ಆನ್‌ಲೈನ್‌ನಲ್ಲಿ ತುಂಬಿದ್ದೀರಾ ನೋಡಿ. ಕೆಲಸದಲ್ಲಿದ್ದಾಗ ಏನಾದರೂ ಆದರೆ ಪಿಎಫ್ ಜೊತೆಗಿರೋ ವಿಮೆಯಿಂದ ಮನೆಯವರಿಗೆ 7 ಲಕ್ಷದವರೆಗೂ ಬರುತ್ತೆ. ನಾಮಿನಿ ಇಲ್ಲದೆ ಅಲೆದಾಡಿದ ಮನೆಗಳನ್ನು ನಾನು ಕಣ್ಣಾರೆ ನೋಡಿದ್ದೇನೆ.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚೋ ಕೆಲಸ, ದಿನಗೂಲಿ. ನನಗೆ 35, ಹೆಂಡತಿಗೆ 29, ಅವಳೂ ಅಲ್ಲೇ ಬರುತ್ತಾಳೆ. ಪಿಎಫ್ ಅಂತ ಏನೂ ಇಲ್ಲ. ಗೂಡಿನ ರೇಟು ಏರಿದರೆ ಮಾಲೀಕರು ವಾರಗಟ್ಟಲೆ ಚರಕ ನಿಲ್ಲಿಸುತ್ತಾರೆ, ಆಗ ಕೂಲಿಯೂ ಇಲ್ಲ. ತಿಂಗಳು ತಿಂಗಳು ಕಟ್ಟೋದು ಹೇಗೆ?

ತಮ್ಮ, ನಿಮಗೆ ಸರಿಹೋಗೋದು ಪ್ರಧಾನಮಂತ್ರಿ ಶ್ರಮಯೋಗಿ ಮಾನಧನ್. ತಿಂಗಳ ಆದಾಯ 15,000 ಒಳಗಿರಬೇಕು, ವಯಸ್ಸು 18ರಿಂದ 40, ಪಿಎಫ್, ಇಎಸ್‌ಐ ಇರಬಾರದು. 60ರಿಂದ ತಿಂಗಳಿಗೆ 3,000. ನಿಮಗೆ ಕಂತು 150, ಹೆಂಡತಿಗೆ 100. ನೀವು ಕಟ್ಟಿದಷ್ಟೇ ಕೇಂದ್ರ ಸರ್ಕಾರವೂ ಹಾಕುತ್ತೆ, ಅದಕ್ಕೇ ಇಷ್ಟು ಕಡಿಮೆ. ಇದೇ 3,000ಕ್ಕೆ ಅಟಲ್ ಪಿಂಚಣಿಯಲ್ಲಿ ನಿಮ್ಮ ವಯಸ್ಸಿಗೆ 543 ಕಟ್ಟಬೇಕು. ವ್ಯತ್ಯಾಸ ಒಂದಿದೆ. ಅಟಲ್‌ನಲ್ಲಿ ಇಬ್ಬರ ನಂತರ ಮಕ್ಕಳಿಗೆ 5.1 ಲಕ್ಷ ಉಳಿಯುತ್ತೆ. ಮಾನಧನ್‌ನಲ್ಲಿ ನಿಮ್ಮ ನಂತರ ಹೆಂಡತಿಗೆ ಅರ್ಧ ಪಿಂಚಣಿ, ಅಲ್ಲಿಗೆ ಮುಗಿಯಿತು. ನನ್ನನ್ನು ಕೇಳಿದರೆ ನಿಮ್ಮ ಕೂಲಿಗೆ 543 ಭಾರ. ಇಬ್ಬರೂ ಬೇರೆಬೇರೆಯಾಗಿ ಮಾನಧನ್‌ಗೆ ಸೇರಿ. 250 ರೂಪಾಯಲ್ಲಿ ಇಬ್ಬರದೂ ಆಗುತ್ತೆ. ಆಧಾರ್, ಬ್ಯಾಂಕ್ ಪಾಸ್‌ಬುಕ್ ತೆಗೆದುಕೊಂಡು ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗಿ.

ಚರಕ ನಿಂತ ವಾರಗಳ ಪ್ರಶ್ನೆಗೆ ನನಗೆ ತೋಚಿದ್ದು ಇಷ್ಟು. ಗೂಡು ಚೆನ್ನಾಗಿ ಬಂದು ಓವರ್‌ಟೈಮ್ ಮಾಡಿದ ತಿಂಗಳು 1,000 ರೂಪಾಯಿಯನ್ನು ಕಂತು ಕಟ್ ಆಗೋ ಬ್ಯಾಂಕ್ ಖಾತೆಗೆ ಹಾಕಿ ಮರೆತುಬಿಡಿ. ನಾಲ್ಕು ತಿಂಗಳ ಕಂತು ಅದರಲ್ಲೇ ಇರುತ್ತೆ. ಫೋನ್‌ಪೇಗೆ ಆ ಖಾತೆ ಜೋಡಿಸಬೇಡಿ, ಜೋಡಿಸಿದರೆ ಟೀ ಅಂಗಡಿಯಲ್ಲೇ ಖಾಲಿ ಆಗುತ್ತೆ. ಹತ್ತು ವರ್ಷದೊಳಗೆ ಬಿಟ್ಟರೆ ನಿಮ್ಮ ಪಾಲು ಮಾತ್ರ, ಅದೂ ಉಳಿತಾಯ ಖಾತೆಯ ಬಡ್ಡಿಯಲ್ಲಿ ವಾಪಸ್ ಬರುತ್ತೆ. ಸರ್ಕಾರದ ಪಾಲು ಹೋಯಿತು.

ಮಾಲೂರು ಹತ್ತಿರ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಅಡುಗೆ ಮಾಡುತ್ತೇನೆ. 47 ವರ್ಷ. ಒಂದು ಹಸು ಇದೆ, ಗೃಹಲಕ್ಷ್ಮಿ ಬರುತ್ತೆ. ಕೂಡಿಟ್ಟಿದ್ದನ್ನು ಚೀಟಿಗೆ ಹಾಕಿದ್ದೆ, ಚೀಟಿ ನಡೆಸುತ್ತಿದ್ದವರು ಊರು ಬಿಟ್ಟು ಹೋದರು. ನನಗೆ ಇನ್ನು ಪಿಂಚಣಿ ಯೋಜನೆ ಯಾವುದೂ ಇಲ್ಲ, ವಯಸ್ಸು ಮೀರಿತು ಅಂದರು ಬ್ಯಾಂಕಿನಲ್ಲಿ.

ಓದಿ ಬಹಳ ಬೇಜಾರಾಯಿತು ಅಕ್ಕ. ಅಟಲ್, ಮಾನಧನ್ ಎರಡೂ 40ಕ್ಕೆ ಬಾಗಿಲು ಹಾಕುತ್ತವೆ, ಅಷ್ಟು ನಿಜ. ಆದರೆ ನಿಮ್ಮ ಪಿಂಚಣಿಯನ್ನು ನೀವೇ ಕಟ್ಟಿಕೊಳ್ಳಬಹುದು. ಅಂಚೆ ಕಚೇರಿಯಲ್ಲಿ ಪಿಪಿಎಫ್ ಖಾತೆ ತೆರೆಯಿರಿ. ಇದು ಕಂಪನಿಯ ಪಿಎಫ್ ಅಲ್ಲ, ಯಾರು ಬೇಕಾದರೂ ತಾವೇ ಹಾಕೋ ಸರ್ಕಾರಿ ಉಳಿತಾಯ. ವರ್ಷಕ್ಕೆ 500 ಹಾಕಿದರೂ ಖಾತೆ ಜೀವಂತ. 15 ವರ್ಷದ ಖಾತೆ, ನಿಮಗೆ 62 ಆಗುವ ಹೊತ್ತಿಗೆ ಕೈಗೆ ಬರುತ್ತೆ. ಗೃಹಲಕ್ಷ್ಮಿಯ 2,000ದಲ್ಲಿ 1,000 ಅಲ್ಲಿಗೆ ಹಾಕಿ. 2020ರಿಂದ ಬಡ್ಡಿ 7.1 ಇದೆ. ಅದೇ ಮುಂದುವರಿದರೆ 15 ವರ್ಷಕ್ಕೆ ಸುಮಾರು 3.15 ಲಕ್ಷ. ಆ ದುಡ್ಡನ್ನು ಅದೇ ಅಂಚೆ ಕಚೇರಿಯಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿದರೆ, 8.2 ಬಡ್ಡಿ ಲೆಕ್ಕದಲ್ಲಿ, ಮೂರು ತಿಂಗಳಿಗೊಮ್ಮೆ ಸುಮಾರು 6,450 ರೂಪಾಯಿ ಬರುತ್ತೆ, ಅಸಲು ಹಾಗೇ ಇರುತ್ತೆ. ಬಡ್ಡಿ ದರ ಸರ್ಕಾರ ಆಗಾಗ ಬದಲಾಯಿಸುತ್ತೆ, ಅದು ನೆನಪಿರಲಿ. 65 ಆದ ಮೇಲೆ ಅರ್ಹತೆ ಇದ್ದರೆ ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿಯೂ ಸೇರುತ್ತೆ.

15 ವರ್ಷ ಅಂದರೆ ಎದೆ ಝಲ್ ಅನ್ನುತ್ತಾ? ಹಾಗಾದರೆ 5 ವರ್ಷದ ಆರ್‌ಡಿ ಮಾಡಿ. ತಿಂಗಳಿಗೆ 1,000 ಕಟ್ಟಿದರೆ 6.7 ಬಡ್ಡಿಗೆ 71,000 ಆಗುತ್ತೆ. ಆದರೆ ಆರ್‌ಡಿ ಮುಗಿದ ದಿನ ಮನೆಯಲ್ಲಿ ಯಾರಿಗಾದರೂ ಅದೇ ದುಡ್ಡು ಬೇಕಾಗಿರುತ್ತೆ, ಕೌಂಟರ್ ಈಚೆ ಕೂತು ನೋಡಿ ನೋಡಿ ಹೇಳುತ್ತಿದ್ದೇನೆ. ಪಿಪಿಎಫ್ ಬೇಗ ಕೈಗೆ ಸಿಗಲ್ಲ ಅನ್ನೋದೇ ನಿಮಗೆ ಒಳ್ಳೆಯದು.

ಡೈರಿಯಿಂದ ಬರೋ ಹಾಲಿನ ದುಡ್ಡು ಹಸುವಿನ ಬೂಸಾಕ್ಕೇ ಸರಿಹೋಗುತ್ತೆ ಅಂತ ಗೊತ್ತು. ಅದನ್ನು ಮುಟ್ಟಬೇಡಿ. ಚೀಟಿ ಮತ್ತೆ ಹಾಕಲೇಬೇಕು ಅಂದರೆ ನೋಂದಣಿ ಆಗಿರೋ ಕಡೆ ಮಾತ್ರ ಹಾಕಿ. 1982ರ ಕಾಯ್ದೆ ಪ್ರಕಾರ ನೋಂದಣಿ ಇಲ್ಲದೆ ಚೀಟಿ ನಡೆಸೋ ಹಾಗಿಲ್ಲ. ಮಗಳ ಮದುವೆ, ಬೋರ್‌ವೆಲ್ ಅಂತ ಬೇಕಾದರೆ ಚೀಟಿ ಹಾಕಿ, ವಯಸ್ಸಾದ ಕಾಲದ ಊಟದ ದುಡ್ಡನ್ನು ಮಾತ್ರ ಅಲ್ಲಿಡಬೇಡಿ.

ತುಮಕೂರಿನ ವಸಂತನರಸಾಪುರದಲ್ಲಿ ಕಾಂಟ್ರ್ಯಾಕ್ಟ್ ಕೆಲಸ, 22 ವರ್ಷ. ಪೇ ಸ್ಲಿಪ್‌ನಲ್ಲಿ ಪಿಎಫ್ ಹಿಡಿದಿದ್ದಾರೆ, ಪಾಸ್‌ಬುಕ್‌ನಲ್ಲಿ ಐದು ತಿಂಗಳಿಂದ ಏನೂ ಕಾಣುತ್ತಿಲ್ಲ.

ಹಿಡಿದ ದುಡ್ಡನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು, ಅದು ಕಾನೂನು. ಐದು ತಿಂಗಳು ತಡ ಅನ್ನೋದನ್ನು ಸುಮ್ನೆ ಬಿಡೋ ಹಾಗಿಲ್ಲ. ಮೊದಲು ಕಾಂಟ್ರ್ಯಾಕ್ಟರ್ ಹತ್ತಿರ ಬರವಣಿಗೆಯಲ್ಲಿ ಕೇಳಿ, ವಾಟ್ಸಾಪ್ ಮೆಸೇಜ್ ಆದರೂ ಸರಿ, ಕೇಳಿದ್ದಕ್ಕೆ ಗುರುತು ಇರಲಿ. ವಾರದಲ್ಲಿ ಉತ್ತರ ಬರದಿದ್ದರೆ ಪಿಎಫ್‌ನ ಆನ್‌ಲೈನ್ ದೂರು ಪುಟದಲ್ಲಿ ದೂರು ಹಾಕಿ. ಇನ್ನೊಂದು ದಾರಿ, ಪ್ರತಿ ತಿಂಗಳು 27ಕ್ಕೆ ಪಿಎಫ್ ಅಧಿಕಾರಿಗಳು ಜಿಲ್ಲೆ ಜಿಲ್ಲೆಯಲ್ಲಿ 'ನಿಧಿ ಆಪ್ಕೆ ನಿಕಟ್' ಅಂತ ಶಿಬಿರ ಮಾಡುತ್ತಾರೆ. ಒಬ್ಬರೇ ಹೋಗಬೇಡಿ. ಅದೇ ಕಾಂಟ್ರ್ಯಾಕ್ಟರ್ ಕೆಳಗಿರೋ ನಾಲ್ಕೈದು ಹುಡುಗರನ್ನು ಕರೆದುಕೊಂಡು ಹೋಗಿ, ಐದೂ ತಿಂಗಳ ಪೇ ಸ್ಲಿಪ್ ಜೆರಾಕ್ಸ್ ಜೊತೆಗಿರಲಿ. ಏನಾಯಿತು ಅಂತ ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.