ರೈಜನ್ 5 5600 ಮತ್ತು ಐ5-12400: ಗ್ರಾಫಿಕ್ಸ್ ಕಾರ್ಡ್ ಇಲ್ಲದವರು ಯಾವುದನ್ನು ಕೊಳ್ಳಬೇಕು?

ನೀವು ಕೇಳಿರುವುದು ಇಷ್ಟು: ಮನೆಯಲ್ಲಿಯೇ ಕನ್ನಡ ಡಿಟಿಪಿ ಮತ್ತು ಮದುವೆ ಆಲ್ಬಂ ವಿನ್ಯಾಸ ಮಾಡುತ್ತೀರಿ, ವಿಂಡೋಸ್ 10ಕ್ಕೆ ಬೆಂಬಲ ನಿಂತುಹೋದ ಮೇಲೆ ಹಳೆಯ ಕಂಪ್ಯೂಟರನ್ನು ಬದಲಿಸಬೇಕೆಂದಿದ್ದೀರಿ, ಎಎಂಡಿಯ ರೈಜನ್ 5 5600 ಮತ್ತು ಇಂಟೆಲ್‌ನ ಐ5-12400 ಈ ಎರಡು ಪ್ರೊಸೆಸರ್‌ಗಳಲ್ಲಿ ಯಾವುದೆಂದು ತೀರ್ಮಾನಿಸಲು ಆಗುತ್ತಿಲ್ಲ. ಗ್ರಾಫಿಕ್ಸ್ ಕಾರ್ಡಿಗೆ ಈಗ ಹಣ ಹೊಂದುವುದಿಲ್ಲ, ಮಗ ಎಂಜಿನಿಯರಿಂಗ್ ಸೇರಿದ ಮೇಲೆ ನೋಡೋಣ ಎಂದಿದ್ದೀರಿ. ಅಂಗಡಿಯವರು, 'ರೈಜನ್‌ದು 3.5 ಗಿಗಾಹರ್ಟ್ಸ್, ಇಂಟೆಲ್‌ದು ಬರೀ 2.5, ಕಣ್ಣು ಮುಚ್ಚಿಕೊಂಡು ರೈಜನ್ ತಗೊಳ್ಳಿ' ಎಂದಿದ್ದಾರೆ.

ಅಂಗಡಿಯವರ ಮಾತು ನಿಮ್ಮ ಲೆಕ್ಕಕ್ಕೆ ಸರಿಹೊಂದುವುದಿಲ್ಲ. ನೀವು ಐ5-12400 ತೆಗೆದುಕೊಳ್ಳಿ, ಆದರೆ ಹೆಸರಿನ ಕೊನೆಯಲ್ಲಿ 'ಎಫ್' ಅಕ್ಷರ ಇಲ್ಲದ್ದನ್ನೇ ತೆಗೆದುಕೊಳ್ಳಿ. ಇವೆರಡನ್ನೂ ನಾನು ದಿನವೂ ನೋಡುತ್ತಿರುವವನು. ನನ್ನ ಮೇಜಿನ ಮೇಲಿರುವುದು 5600, ನನ್ನ ತಮ್ಮನ ಫೋಟೊ ಸ್ಟುಡಿಯೊದಲ್ಲಿರುವುದು 12400, ಎರಡನ್ನೂ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು ನಾನೇ ಜೋಡಿಸಿದ್ದು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಆ ಗಿಗಾಹರ್ಟ್ಸ್ ಲೆಕ್ಕವನ್ನು ಮುಗಿಸೋಣ, ಏಕೆಂದರೆ ಕೊಳ್ಳುವವರನ್ನು ಹೆಚ್ಚು ದಾರಿ ತಪ್ಪಿಸುವುದು ಇದೇ. ಡಬ್ಬದ ಮೇಲಿನ 3.5 ಮತ್ತು 2.5 ಎಂಬುವು ಮೂಲ ವೇಗಗಳು. 65 ವ್ಯಾಟ್ ಮಿತಿಯೊಳಗೆ ಎಲ್ಲ ಕೋರ್‌ಗಳೂ, ಅಂದರೆ ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ ಘಟಕಗಳೆಲ್ಲವೂ, ಒಟ್ಟಿಗೆ ದುಡಿಯುವಾಗ ಕನಿಷ್ಠ ಇಷ್ಟಾದರೂ ಸಿಗುತ್ತದೆ ಎಂದು ತಯಾರಕರು ಕೊಡುವ ಭರವಸೆ ಅದು. ನಿಜವಾದ ಕೆಲಸದಲ್ಲಿ ಎರಡೂ ಅದಕ್ಕಿಂತ ಬಹಳ ಮೇಲೆ ಓಡುತ್ತವೆ, ಮತ್ತು ಒಂದೇ ಕೋರ್ ದುಡಿಯುವಾಗ ಎರಡರ ಗರಿಷ್ಠ ವೇಗವೂ 4.4 ಗಿಗಾಹರ್ಟ್ಸ್. ಆರೂ ಕೋರ್‌ಗಳು ಒಟ್ಟಿಗೆ ದುಡಿಯುವಾಗ 12400 ಸುಮಾರು 4 ಗಿಗಾಹರ್ಟ್ಸ್‌ಗೆ ಇಳಿಯುತ್ತದೆ, 5600 ಅದಕ್ಕಿಂತ ಮೇಲೆಯೇ ನಿಲ್ಲುತ್ತದೆ, ನಿಜ. ಆದರೆ ಇಂಟೆಲ್‌ನ ಈ ಪೀಳಿಗೆಯ ಕೋರ್ ಪ್ರತಿ ಬಡಿತಕ್ಕೆ (ಗಿಗಾಹರ್ಟ್ಸ್ ಎಣಿಸುವುದು ಸೆಕೆಂಡಿಗೆ ಇಂಥ ಎಷ್ಟು ಬಡಿತ ಎಂಬುದನ್ನೇ) ಹೆಚ್ಚು ಕೆಲಸ ಮುಗಿಸುವಂತೆ ರಚನೆಯಾಗಿರುವುದರಿಂದ ಆ ಅಂತರ ಮುಚ್ಚಿಹೋಗುತ್ತದೆ. ದೊಡ್ಡ ಹೆಜ್ಜೆ ಹಾಕುವವನು ಕಾಲನ್ನು ಬೇಗ ಬೇಗ ಎತ್ತಬೇಕಾಗಿಲ್ಲ. ಬೇರೆ ಬೇರೆ ವಿನ್ಯಾಸದ ಪ್ರೊಸೆಸರ್‌ಗಳನ್ನು ಗಿಗಾಹರ್ಟ್ಸ್ ಒಂದರಿಂದಲೇ ಅಳೆಯಬಾರದು ಎನ್ನುವುದು ಇದಕ್ಕಾಗಿ.

ಉಳಿದಂತೆ ಇವೆರಡೂ ಒಂದೇ ತೂಕದ ಜಟ್ಟಿಗಳು. 12400 ಬಂದದ್ದು 2022ರ ಜನವರಿಯಲ್ಲಿ, 5600 ಬಂದದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ. ಎರಡರಲ್ಲಿಯೂ 6 ಕೋರ್, 12 ಥ್ರೆಡ್ (ಒಟ್ಟೊಟ್ಟಿಗೆ ನಡೆಸಬಲ್ಲ ಕೆಲಸದ ಎಳೆಗಳು). ಅಮೆರಿಕದಲ್ಲಿ ಘೋಷಿಸಿದ ಮೊದಲ ಬೆಲೆ 5600ಕ್ಕೆ 199 ಡಾಲರ್, 12400ಕ್ಕೆ 192 ಡಾಲರ್. ವ್ಯತ್ಯಾಸವಿರುವುದು ಕ್ಯಾಶ್‌ನಲ್ಲಿ, ಅಂದರೆ ಪ್ರೊಸೆಸರ್‌ನೊಳಗೇ ಇರುವ ಸಣ್ಣ, ಅತಿ ವೇಗದ ಮೆಮೊರಿಯಲ್ಲಿ. 5600ರಲ್ಲಿ ಎಲ್ಲ ಕೋರ್‌ಗಳೂ ಹಂಚಿಕೊಳ್ಳುವ 32 ಎಂಬಿ ಎಲ್3 ಕ್ಯಾಶ್ ಇದೆ, 12400ರಲ್ಲಿ 18 ಎಂಬಿ. ಆದರೆ ಪ್ರತಿ ಕೋರ್‌ಗೂ ಸ್ವಂತದ್ದಾದ ಎಲ್2 ಕ್ಯಾಶ್ 12400ರಲ್ಲಿ 1.25 ಎಂಬಿ ಇದ್ದರೆ 5600ರಲ್ಲಿ ಅರ್ಧ ಎಂಬಿ ಮಾತ್ರ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಜೊತೆ ಆಟವಾಡಿದರೆ ಕೆಲವು ಆಟಗಳಲ್ಲಿ ಇದು ಮುಂದೆ, ಕೆಲವದರಲ್ಲಿ ಅದು. ಫೋಟೊಶಾಪ್, ಪುಟವಿನ್ಯಾಸ, ನುಡಿಯಲ್ಲಿ ಟೈಪಿಂಗ್, ಮಗನ ಕೋಡಿಂಗ್ ಇಂಥ ಕೆಲಸಗಳಲ್ಲಿ ಗಡಿಯಾರ ಹಿಡಿದು ಕೂತರೆ ಹೊರತು ನಿಮಗೆ ಅಂತರ ಕಾಣುವುದಿಲ್ಲ.

ಹಾಗಾದರೆ 12400 ಎಂದು ಅಷ್ಟು ಖಚಿತವಾಗಿ ಹೇಳಲು ಕಾರಣವೇನು? ರೈಜನ್ 5 5600ರೊಳಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಭಾಗವೇ ಇಲ್ಲ. ಮದರ್‌ಬೋರ್ಡ್‌ನ ಹಿಂದೆ ಎಚ್‌ಡಿಎಂಐ ಕಿಂಡಿ ಇರುತ್ತದೆ, ಕೇಬಲ್ ಸಿಕ್ಕಿಸಿದರೆ ಕೂರುತ್ತದೆ, ಫ್ಯಾನ್ ತಿರುಗುತ್ತದೆ, ದೀಪಗಳು ಹೊತ್ತುತ್ತವೆ, ಮಾನಿಟರ್ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಆ ಕಿಂಡಿ ಗ್ರಾಫಿಕ್ಸ್ ಇರುವ ಬೇರೆ ರೈಜನ್‌ಗಳಿಗಾಗಿ ಇಟ್ಟದ್ದು. ಇದು ತಿಳಿಯದೆ ಕೊಂಡು, ಪ್ರೊಸೆಸರ್ ಸುಟ್ಟುಹೋಗಿದೆ ಎಂದು ಗಾಬರಿಯಾಗಿ ನನಗೆ ರಾತ್ರಿ ಫೋನ್ ಮಾಡಿದವರು ಒಬ್ಬಿಬ್ಬರಲ್ಲ. ಆಮೇಲೆ ಅವರು ಯಾವುದೋ ಹಳೆಯ, ಅಗ್ಗದ ಕಾರ್ಡ್ ಕೊಂಡು ಸಿಕ್ಕಿಸುತ್ತಾರೆ. ಅಲ್ಲಿಗೆ ಪ್ರೊಸೆಸರ್‌ನಲ್ಲಿ ಉಳಿಸಿದ ಹಣವೂ ಹೋಯಿತು, ಮೇಲೆ ಇನ್ನಷ್ಟೂ ಹೋಯಿತು. 12400ರಲ್ಲಿ ಯುಎಚ್‌ಡಿ 730 ಎಂಬ ಗ್ರಾಫಿಕ್ಸ್ ಒಳಗೇ ಇದೆ. ಆಟಕ್ಕೆ ಅದು ಸಾಲದು, ಆದರೆ ಆಲ್ಬಂ ಮತ್ತು ಪುಟವಿನ್ಯಾಸಕ್ಕೆ ಧಾರಾಳವಾಗಿ ಸಾಕು. ಅದರಲ್ಲಿರುವ ಕ್ವಿಕ್ ಸಿಂಕ್ ಎಂಬ ವ್ಯವಸ್ಥೆಯನ್ನು ಬಳಸಿಕೊಳ್ಳುವ ಎಡಿಟಿಂಗ್ ತಂತ್ರಾಂಶಗಳಲ್ಲಿ ಎಚ್.264 ಮತ್ತು ಎಚ್‌ಇವಿಸಿ ವಿಡಿಯೊಗಳ ಕೆಲಸವೂ ಹಗುರವಾಗುತ್ತದೆ. 12400ಎಫ್‌ನಲ್ಲಿ ಈ ಗ್ರಾಫಿಕ್ಸ್ ಇಲ್ಲ. ಘೋಷಿತ ಬೆಲೆಯಲ್ಲಿ 25 ಡಾಲರ್ ಕಡಿಮೆ ಇರುವುದೂ ಅದಕ್ಕೇ.

ಎಎಂಡಿಯೇ ಬೇಕೆಂದಾದರೆ 5600ಜಿ ಇದೆ, ಅದರಲ್ಲಿ ಗ್ರಾಫಿಕ್ಸ್ ಉಂಟು. ಮಾತ್ರವಲ್ಲ, ಸಣ್ಣಪುಟ್ಟ ಆಟಗಳಿಗೆ ಅದು ಯುಎಚ್‌ಡಿ 730ಕ್ಕಿಂತ ಎಷ್ಟೋ ಮೇಲು. ಆದರೆ ಅದರ ಎಲ್3 ಕ್ಯಾಶ್ 16 ಎಂಬಿಗೆ ಇಳಿದಿದೆ, ಗ್ರಾಫಿಕ್ಸ್ ಕಾರ್ಡ್ ಜೊತೆ ಮಾಹಿತಿ ಸಾಗಿಸುವ ದಾರಿಯಾದ ಪಿಸಿಐಇ ಕೂಡ ಹಳೆಯ ಮೂರನೆಯ ಪೀಳಿಗೆಯದು. ಮುಂದೆ ಕಾರ್ಡ್ ಹಾಕಿದ ದಿನ ಅದು 5600 ಮತ್ತು 12400 ಎರಡಕ್ಕಿಂತಲೂ ಹಿಂದುಳಿಯುತ್ತದೆ. ಮುಂದೆ ಕಾರ್ಡ್ ಹಾಕುವ ಯೋಚನೆ ನಿಮಗಿರುವುದರಿಂದ ನಾನು ಅದನ್ನು ಸೂಚಿಸುತ್ತಿಲ್ಲ.

ನಿಮ್ಮ ಕೆಲಸಕ್ಕೆ ಪ್ರೊಸೆಸರ್‌ಗಿಂತ ಹೆಚ್ಚು ಮುಖ್ಯವಾದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಕರಿಜ್ಮಾ ಆಲ್ಬಂನ 12x36 ಅಂಗುಲದ ಒಂದು ಹಾಳೆಯನ್ನು 300 ಡಿಪಿಐನಲ್ಲಿ (ಅಂಗುಲಕ್ಕೆ 300 ಚುಕ್ಕಿ) ತೆರೆದರೆ 3,600ಕ್ಕೆ 10,800, ಅಂದರೆ ಸುಮಾರು 3 ಕೋಟಿ 89 ಲಕ್ಷ ಪಿಕ್ಸೆಲ್‌ಗಳಾಗುತ್ತವೆ. ಒಂದೊಂದು ಪಿಕ್ಸೆಲ್‌ಗೆ ಮೂರು ಬೈಟ್‌ನಂತೆ ಒಂದೇ ಒಂದು ಪೂರ್ಣ ಲೇಯರ್‌ಗೆ ನೂರು ಎಂಬಿಗೂ ಮಿಕ್ಕಿ ಜಾಗ ಬೇಕು. ಹಿನ್ನೆಲೆ, ವಧೂವರರ ಚಿತ್ರ, ಹೂವಿನ ಅಂಚು, ನೆರಳು, ಅಕ್ಷರ ಎಂದು ಹತ್ತು ಹನ್ನೆರಡು ಲೇಯರ್ ಆಗುವಷ್ಟರಲ್ಲಿ ಒಂದು ಜಿಬಿ ದಾಟಿರುತ್ತದೆ, ಅದರ ಮೇಲೆ ಫೋಟೊಶಾಪ್ ಇಟ್ಟುಕೊಳ್ಳುವ ಹಿಸ್ಟರಿಯ ಭಾರ ಬೇರೆ. ತಮ್ಮನ ಸ್ಟುಡಿಯೊದಲ್ಲಿ ಮೊದಲಿಗೆ 8 ಜಿಬಿ ರ‍್ಯಾಮ್ ಒಂದೇ ಹಾಕಿದ್ದೆವು. ಮೂರು ಹಾಳೆ ತೆರೆದೊಡನೆ ಮೌಸ್ ತಡವರಿಸುತ್ತಿತ್ತು, ಅವನು ಪ್ರೊಸೆಸರ್ ಸರಿಯಿಲ್ಲ ಎಂದು ದೂರುತ್ತಿದ್ದ. ಎರಡು 16 ಜಿಬಿ ಹಾಕಿದ ದಿನ ಆ ದೂರು ನಿಂತಿತು. ಆದ್ದರಿಂದ ಹಣ ಎಲ್ಲಿಯಾದರೂ ಮಿಕ್ಕಿದರೆ ಅದು ರ‍್ಯಾಮ್‌ಗೆ ಹೋಗಲಿ, ಮತ್ತು ಒಂದೇ ದೊಡ್ಡ ಕಡ್ಡಿಯ ಬದಲು ಜೋಡಿ ಕಡ್ಡಿಗಳನ್ನೇ ಹಾಕಿಸಿ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲದೆ ರ‍್ಯಾಮ್‌ನಿಂದಲೇ ಹಂಚಿಕೊಳ್ಳುವುದರಿಂದ, ಜೋಡಿ ಇದ್ದಾಗ ಅದಕ್ಕೂ ಸಲೀಸು.

ಮದರ್‌ಬೋರ್ಡ್ ಸೇರಿಸಿಯೇ ಬೆಲೆ ಹೋಲಿಸಿ. 12400ಕ್ಕೆ ಎಚ್610 ಬೋರ್ಡ್ ಸಾಕಾಗುತ್ತದೆ. ಅದರಲ್ಲಿ ರ‍್ಯಾಮ್‌ಗೆ ಎರಡೇ ಜಾಗ ಎಂಬುದು ನೆನಪಿರಲಿ, ನಾಲ್ಕು ಬೇಕೆಂದರೆ ಬಿ660 ಬೋರ್ಡ್‌ಗಳನ್ನು ನೋಡಿ. ರ‍್ಯಾಮ್‌ನಲ್ಲಿ ಡಿಡಿಆರ್4, ಡಿಡಿಆರ್5 ಎಂದು ಎರಡು ಪೀಳಿಗೆಗಳಿವೆ, ಡಿಡಿಆರ್4 ಬೋರ್ಡ್‌ನಲ್ಲಿ ಡಿಡಿಆರ್5 ಕೂರುವುದಿಲ್ಲ, ಹಾಗಾಗಿ ಎರಡರ ದರವನ್ನೂ ಬೋರ್ಡ್ ಮತ್ತು ರ‍್ಯಾಮ್ ಒಟ್ಟು ಕೂಡಿಸಿ ಕೇಳಿ. 5600 ಪರವಾಗಿ ಹೇಳಬೇಕಾದ ಮಾತೂ ಇಲ್ಲೇ ಬರುತ್ತದೆ. ಮನೆಯಲ್ಲಿ ಆಗಲೇ ಎಎಂ4 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇರುವ ಬೋರ್ಡ್ ಮತ್ತು ಗ್ರಾಫಿಕ್ಸ್ ಕಾರ್ಡ್ ಇರುವವರಿಗೆ ಅದು ನಿಜಕ್ಕೂ ವರ. 2017ರಲ್ಲಿ ಮೊದಲ ರೈಜನ್ ಬಂದ ಸಾಕೆಟ್ಟೇ ಅದು, ಬಿ450ರಂಥ ಹಳೆಯ ಬೋರ್ಡ್‌ಗಳಲ್ಲೂ ಬಯೋಸ್ (ಬೋರ್ಡ್‌ನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿದರೆ 5600 ಓಡುತ್ತದೆ. ನಾನು 5600 ಆರಿಸಿಕೊಂಡದ್ದು ಸರಿಯಾಗಿ ಇದೇ ಕಾರಣಕ್ಕೆ. ಬೋರ್ಡ್, ರ‍್ಯಾಮ್, ಕಾರ್ಡ್ ಯಾವುದನ್ನೂ ಬದಲಿಸದೆ ಪ್ರೊಸೆಸರ್ ಒಂದನ್ನೇ ಬದಲಿಸಿದೆ. ನಿಮ್ಮ ಬಳಿ ಇವು ಯಾವುವೂ ಇಲ್ಲದಿರುವಾಗ ಆ ಲಾಭ ನಿಮಗೆ ದಕ್ಕುವುದಿಲ್ಲ.

ಜೋಡಿಸುವವರು ನೀವೇ ಆದರೆ ಒಂದು ಎಚ್ಚರಿಕೆ. ಎಎಂ4 ಪ್ರೊಸೆಸರ್‌ನ ಕೆಳಗೆ ಸೂಜಿಯಂಥ ಪಿನ್‌ಗಳಿವೆ. ಒಮ್ಮೆ ಧೂಳು ತೆಗೆಯಲೆಂದು ನಾನು ಕೂಲರ್‌ನ ನಾಲ್ಕು ಸ್ಕ್ರೂ ಬಿಚ್ಚಿ ನೇರವಾಗಿ ಮೇಲಕ್ಕೆ ಎಳೆದೆ. ಪ್ರೊಸೆಸರ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸಲು ಹಚ್ಚುವ ಥರ್ಮಲ್ ಪೇಸ್ಟ್ ಒಣಗಿ ಅಂಟಿನಂತೆ ಹಿಡಿದಿದ್ದರಿಂದ, ಸಾಕೆಟ್‌ನ ಸನ್ನೆ ಬಿಗಿಯಾಗಿದ್ದರೂ ಪ್ರೊಸೆಸರ್ ಕೂಲರ್‌ಗೆ ಕಚ್ಚಿಕೊಂಡೇ ಕಿತ್ತು ಬಂತು. ಮೂಲೆಯ ನಾಲ್ಕು ಪಿನ್‌ಗಳು ಬಾಗಿದ್ದವು. ಕ್ಷೌರದ ಬ್ಲೇಡನ್ನು ಸಾಲುಗಳ ನಡುವೆ ತೂರಿಸಿ, ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟೇ ಸರಿಸುತ್ತಾ ನೆಟ್ಟಗೆ ಮಾಡಲು ಒಂದು ಸಂಜೆ ಬೇಕಾಯಿತು. ಅಂದಿನಿಂದ ಕಂಪ್ಯೂಟರನ್ನು ಸ್ವಲ್ಪ ಹೊತ್ತು ಓಡಿಸಿ, ಪೇಸ್ಟ್ ಬೆಚ್ಚಗಾದ ಮೇಲೆ ಆರಿಸಿ ಪ್ಲಗ್ ಕಿತ್ತು, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿಯೇ ಎತ್ತುತ್ತೇನೆ. 12400 ಕೂರುವ ಇಂಟೆಲ್‌ನ ಎಲ್‌ಜಿಎ1700ರಲ್ಲಿ ಪಿನ್‌ಗಳು ಇರುವುದು ಬೋರ್ಡ್‌ನ ಸಾಕೆಟ್‌ನಲ್ಲಿ. ಅಲ್ಲಿ ಬೆರಳು ತಾಗಿದರೆ ಹಾಳಾಗುವುದು ಮದರ್‌ಬೋರ್ಡ್, ಅದನ್ನು ನೆಟ್ಟಗೆ ಮಾಡುವುದು ಇನ್ನೂ ಕಷ್ಟ.

ವಿದ್ಯುತ್ತಿನ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಪೂರ್ಣ ದುಡಿಮೆಯಲ್ಲಿ 12400ಕ್ಕೆ 117 ವ್ಯಾಟ್‌ವರೆಗೆ ಅನುಮತಿ ಇದೆ. ಆದರೆ ಸುಮ್ಮನೆ ಕೂತಾಗ, ಟೈಪ್ ಮಾಡುವಾಗ ಅದು 5600ಕ್ಕಿಂತ ಕಡಿಮೆ ಉಣ್ಣುತ್ತದೆ, ಡಿಟಿಪಿಯ ದಿನ ಕಳೆಯುವುದು ಬಹುಪಾಲು ಹಾಗೆಯೇ.

ಮುಂದೆ ಹೊಸ ಪೀಳಿಗೆಯ ಪ್ರೊಸೆಸರ್‌ಗೆ ಏರಲು ಎರಡೂ ಸಾಕೆಟ್‌ಗಳ ದಾರಿ ಮುಗಿದಿದೆ, ಎಎಂಡಿ 2022ರಲ್ಲಿ ಎಎಂ5 ಎಂಬ ಹೊಸ ಸಾಕೆಟ್‌ಗೂ ಇಂಟೆಲ್ 2024ರಲ್ಲಿ ಎಲ್‌ಜಿಎ1851ಕ್ಕೂ ಹೋಗಿವೆ. ನಿಮ್ಮ ಬಜೆಟ್ ಡಿಡಿಆರ್5 ಸಹಿತ ಎಎಂ5ಕ್ಕೆ ತಲುಪುವುದಾದರೆ ಅದು ಬೇರೆಯೇ ಹೋಲಿಕೆ. ಗ್ರಾಫಿಕ್ಸ್ ಕಾರ್ಡಿಗೇ ಈಗ ಹಣ ಹೊಂದದಿರುವಾಗ ನಾನು ಅದರ ಆಸೆ ಹುಟ್ಟಿಸಲಾರೆ. ಮಗನಿಗೆ ಕಾರ್ಡ್ ಬೇಕಾದಾಗ ಇದೇ 12400ರ ಬೋರ್ಡ್‌ನಲ್ಲಿ ಹಾಕಬಹುದು, ಅದಕ್ಕಾಗಿ ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ವಿದ್ಯುತ್ ಒದಗಿಸುವ ಡಬ್ಬಿ) ಮಾತ್ರ ಈಗಲೇ ಒಳ್ಳೆಯದು ತೆಗೆದುಕೊಳ್ಳಿ.

ಕೊಳ್ಳುವಾಗ ಸೀಲ್ ಇರುವ ಡಬ್ಬವನ್ನೇ ಕೇಳಿ. ಡಬ್ಬವಿಲ್ಲದ ಟ್ರೇ ಪ್ರೊಸೆಸರ್ ಸ್ವಲ್ಪ ಅಗ್ಗವಾದರೂ ಅದಕ್ಕೆ ತಯಾರಕರ ಮೂರು ವರ್ಷದ ವಾರಂಟಿ ಇರುವುದಿಲ್ಲ, ಅಂಗಡಿಯವರು ಬಾಯಲ್ಲಿ ಹೇಳಿದ್ದೇ ವಾರಂಟಿ. ಬಿಲ್ಲಿನಲ್ಲಿ 12400 ಎಂದಷ್ಟೇ ಇದೆಯೇ, ಮುಂದೆ 'ಎಫ್' ಸೇರಿದೆಯೇ ಎಂದು ಓದಿ ನೋಡಿ, ಡಬ್ಬದ ಮೇಲೂ ಓದಿ. ಅಂಗಡಿಯಲ್ಲೇ ಜೋಡಿಸುವುದಾದರೆ ಹೊರಡುವ ಮುನ್ನ ಮಾನಿಟರ್ ಕೇಬಲನ್ನು ಮದರ್‌ಬೋರ್ಡ್‌ನ ಕಿಂಡಿಗೇ ಸಿಕ್ಕಿಸಿ, ಪರದೆಯಲ್ಲಿ ಚಿತ್ರ ಬರುವುದನ್ನು ಕಣ್ಣಾರೆ ನೋಡಿ, ಆಮೇಲೆ ಹಣ ಕೊಡಿ.